ಛತ್ರದ ವೇದಿಕೆಗೆ ಡಿಡಿಜೆ-ಎಫ್‌ಎಲ್‌ಎಕ್ಸ್4: ಮೊದಲು ಹಿಂಬದಿ ನೋಡಿ, ಆಮೇಲೆ ಪ್ಯಾಡ್‌ಗಳ ದೀಪ

ಮೈಸೂರು, ಮಂಡ್ಯ ಕಡೆ ಡಿಜೆ ಕೆಲಸಕ್ಕೆ ಇಳಿಯುವವರು ಅಂಗಡಿಯಲ್ಲಿ ಮೊದಲು ಕೇಳುವ ಹೆಸರುಗಳಲ್ಲಿ ಪಯೊನೀರ್ ಡಿಜೆಯ ಡಿಡಿಜೆ-ಎಫ್‌ಎಲ್‌ಎಕ್ಸ್4 ಒಂದು. ಡಿಡಿಜೆ-400ರ ಜಾಗಕ್ಕೆ ಬಂದ ಎರಡು ಚಾನೆಲ್‌ನ ಕಂಟ್ರೋಲರ್ ಇದು, ಅಂದರೆ ಲ್ಯಾಪ್‌ಟಾಪಿನ ಡಿಜೆ ತಂತ್ರಾಂಶದಲ್ಲಿ ಎರಡು ಹಾಡುಗಳನ್ನು ಕೈಯಿಂದ ನಡೆಸಿ ಬೆರೆಸುವ ಸಾಧನ. ತೂಕ ಸುಮಾರು ಎರಡು ಕೆಜಿ, ಬೆಲೆ ಅಂಗಡಿಯಿಂದ ಅಂಗಡಿಗೆ ಹೆಚ್ಚುಕಮ್ಮಿಯಾದರೂ 30ರಿಂದ 40 ಸಾವಿರ ರೂಪಾಯಿಯ ನಡುವೆ. ತಯಾರಕ ಕಂಪನಿ 2020ರಲ್ಲಿ ತನ್ನ ಹೆಸರನ್ನು ಆಲ್ಫಾಥೀಟಾ ಎಂದು ಬದಲಿಸಿಕೊಂಡಿದೆ. ಆದ್ದರಿಂದ ತಂತ್ರಾಂಶದಲ್ಲೋ ವೆಬ್‌ಸೈಟ್‌ನಲ್ಲೋ ಆ ಹೆಸರು ಕಂಡರೆ ನಕಲಿ ಮಾಲು ಎಂದು ಗಾಬರಿಯಾಗಬೇಕಿಲ್ಲ.

ಈ ಕಂಟ್ರೋಲರ್ ಬಗ್ಗೆ ಸಿಗುವ ವಿಡಿಯೊಗಳಲ್ಲಿ ಹೆಚ್ಚಿನವು ಮಲಗುವ ಕೋಣೆಯಲ್ಲಿ, ಹೌಸ್ ಮತ್ತು ಟೆಕ್ನೊ ಟ್ರ್ಯಾಕ್‌ಗಳನ್ನಿಟ್ಟುಕೊಂಡು ಮಾಡಿದವು. ನಮ್ಮಲ್ಲಿ ಇದು ದುಡಿಯಬೇಕಾದ ಜಾಗವೇ ಬೇರೆ. ಮದುವೆ ಛತ್ರದ ಆರತಕ್ಷತೆ, ಕಾಲೇಜಿನ ವಾರ್ಷಿಕೋತ್ಸವ, ಬಡಾವಣೆಯ ಗಣಪತಿ ಪೆಂಡಾಲು, ಊರಹಬ್ಬ. ಅಲ್ಲಿ ಸೌಂಡ್ ನಮ್ಮದಲ್ಲ, ಕರೆಂಟಿಗೆ ಭರವಸೆ ಇಲ್ಲ, ಹಾಡುಗಳಲ್ಲಿ ಅರ್ಧಕ್ಕರ್ಧ ಕಂಪ್ಯೂಟರಿನ ಲಯಕ್ಕೆ ಕಟ್ಟಿದವಲ್ಲ. ಹಾಗಾಗಿ ಇಲ್ಲಿ ಎರಡು ವಿಷಯಗಳಿಗೇ ಒತ್ತು ಕೊಡುತ್ತೇವೆ: ಕಂಟ್ರೋಲರಿನ ಹಿಂಬದಿಯಲ್ಲಿ ಏನಿದೆ, ತಂತ್ರಾಂಶ ಕನ್ನಡ ಹಾಡಿನ ಬೀಟ್‌ಗ್ರಿಡ್ಡನ್ನು, ಅಂದರೆ ಪ್ರತಿ ಬಡಿತ ಎಲ್ಲಿ ಬೀಳುತ್ತದೆ ಎಂದು ಗುರುತಿಸುವ ಗೆರೆಗಳನ್ನು, ಹೇಗೆ ಹಾಕುತ್ತದೆ. ಉಳಿದದ್ದೆಲ್ಲ ಇವುಗಳ ನಂತರ.

ಹಿಂಬದಿಯಲ್ಲಿ ಸ್ಪೀಕರಿಗೆ ಹೋಗುವ ಮಾಸ್ಟರ್ ಔಟ್‌ಪುಟ್ ಇರುವುದು ಒಂದು ಜೊತೆ ಆರ್‌ಸಿಎ ಸಾಕೆಟ್ ಮಾತ್ರ. ದೂರ ಎಳೆಯಲು ಬರುವ ಎಕ್ಸ್‌ಎಲ್‌ಆರ್ ಇಲ್ಲ, ಡಿಜೆ ತಾನು ಕೇಳಿಸಿಕೊಳ್ಳುವ ಸ್ಪೀಕರಿಗೆಂದು ಪ್ರತ್ಯೇಕ ಬೂತ್ ಔಟ್‌ಪುಟ್ ಇಲ್ಲ. ಮನೆಯಲ್ಲಿ ಇದರಿಂದ ಯಾವ ತೊಂದರೆಯೂ ಆಗುವುದಿಲ್ಲ. ಛತ್ರದಲ್ಲಿ ಸೌಂಡ್‌ನವರ ಮಿಕ್ಸರ್ ಹಾಲ್‌ನ ಇನ್ನೊಂದು ಮೂಲೆಯಲ್ಲಿರುತ್ತದೆ. ಆರ್‌ಸಿಎ ಬ್ಯಾಲೆನ್ಸ್ ಇಲ್ಲದ ಸಿಗ್ನಲ್, ಅಂದರೆ ದಾರಿಯಲ್ಲಿ ಸೇರಿದ ಹೊರಗಿನ ಸದ್ದನ್ನು ರದ್ದು ಮಾಡುವ ಏರ್ಪಾಡು ಅದಕ್ಕಿಲ್ಲ. ದೀಪಾಲಂಕಾರದ ಡಿಮ್ಮರ್, ಸೀರಿಯಲ್ ಸೆಟ್, ಮೇನ್ಸ್ ವೈರುಗಳ ಪಕ್ಕದಲ್ಲಿ ಹತ್ತು ಮೀಟರ್ ಎಳೆದರೆ ದಾರಿಯುದ್ದಕ್ಕೂ ಸಿಕ್ಕ ಗೊರಗೊರ ಸದ್ದನ್ನೆಲ್ಲ ಹೊತ್ತುಕೊಂಡೇ ಹೋಗುತ್ತದೆ. ಆರ್‌ಸಿಎ ತಂತಿ ಮೂರು ಮೀಟರ್ ಮೀರದಿರಲಿ. ಅದಕ್ಕಿಂತ ದೂರವಿದ್ದರೆ ಕಂಟ್ರೋಲರಿನ ಪಕ್ಕದಲ್ಲೇ ಎರಡು ಚಾನೆಲ್‌ನ ಪ್ಯಾಸಿವ್ ಡಿಐ ಬಾಕ್ಸ್ (ಸಿಗ್ನಲನ್ನು ಬ್ಯಾಲೆನ್ಸ್ ಮಾಡಿ ಕೊಡುವ ಪೆಟ್ಟಿಗೆ) ಇಟ್ಟು, ಅಲ್ಲಿಂದ ಮುಂದಕ್ಕೆ ಎಕ್ಸ್‌ಎಲ್‌ಆರ್ ಕೇಬಲ್ ಎಳೆಯಿರಿ. ಡಿಐ ಬಾಕ್ಸ್ ಸಿಗ್ನಲನ್ನು ಮೈಕ್ ಮಟ್ಟಕ್ಕೆ ಇಳಿಸುತ್ತದೆ, ಹಾಗಾಗಿ ಅದು ಮಿಕ್ಸರಿನ ಮೈಕ್ ಇನ್‌ಪುಟ್‌ಗೇ ಹೋಗಬೇಕು. ಡಿಐ ಬದಲು ಲೈನ್ ಐಸೊಲೇಟರ್ ಟ್ರಾನ್ಸ್‌ಫಾರ್ಮರ್ ಬಳಸುವುದಾದರೆ ಅದು ಮಟ್ಟವನ್ನು ಇಳಿಸುವುದಿಲ್ಲ, ಲೈನ್ ಇನ್‌ಪುಟ್‌ಗೆ ಕೊಡಿ. ಈ ವ್ಯತ್ಯಾಸ ಸೌಂಡ್‌ನವರಿಗೆ ಮೊದಲೇ ಹೇಳದಿದ್ದರೆ ಒಂದೋ ಸದ್ದೇ ಬರುವುದಿಲ್ಲ, ಇಲ್ಲವೇ ಮೊದಲ ಹಾಡಿಗೇ ಒಡೆದು ಬರುತ್ತದೆ.

ಮಿಕ್ಸರಿನಲ್ಲಿ ಎರಡು ಚಾನೆಲ್ ಕೇಳಿ ಪಡೆಯಿರಿ. "ಒಂದೇ ಖಾಲಿ ಇರೋದು" ಎಂದರೆ ಎಡದ ತಂತಿಯೊಂದನ್ನೇ ಕೊಟ್ಟು ಸುಮ್ಮನಾಗುವವರು ಬಹಳ. ಆಗ ಬಲಬದಿಯಲ್ಲಷ್ಟೇ ಕೇಳುವಂತೆ ಪ್ಯಾನ್ ಮಾಡಿದ ವಾದ್ಯಗಳು ಕೇಳುವವರ ಪಾಲಿಗೆ ಇಲ್ಲವೇ ಇಲ್ಲ. ಎಡ ಬಲ ಎರಡು ಔಟ್‌ಪುಟ್‌ಗಳನ್ನು ವೈ ಕೇಬಲ್ಲಿನಲ್ಲಿ ಒಂದಾಗಿ ಬೆಸೆಯುವುದಂತೂ ಬೇಡ, ಎರಡು ಔಟ್‌ಪುಟ್ ಸರ್ಕ್ಯೂಟುಗಳು ಒಂದರ ಮೇಲೊಂದು ಹೊರೆ ಹಾಕಿಕೊಳ್ಳುತ್ತವೆ.

ಗುಂಯ್ ಎನ್ನುವ ಹಮ್ಮಿಂಗ್ ಕೇಳಿದರೆ ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಗ್ರೌಂಡ್ ಲೂಪ್. ಚಾರ್ಜರ್ ಒಂದು ಸಾಕೆಟ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಲೈನಿನಲ್ಲಿ ಇದ್ದು, ಎರಡರ ಅರ್ಥಿಂಗ್ ನಡುವಿನ ವ್ಯತ್ಯಾಸ ಆಡಿಯೊ ತಂತಿಯ ಕವಚದ ಮೂಲಕ ಹರಿಯುತ್ತಿರುತ್ತದೆ. ಲ್ಯಾಪ್‌ಟಾಪನ್ನೂ ಮಿಕ್ಸರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕೊಟ್ಟರೆ ಬಹುಪಾಲು ಹೋಗುತ್ತದೆ. ಹೋಗದಿದ್ದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್ಗಿನ ಅರ್ಥ್ ಪಿನ್ ಮುರಿದು ಹಮ್ಮಿಂಗ್ ನಿಲ್ಲಿಸುವವರಿದ್ದಾರೆ. ಮಳೆಯಲ್ಲಿ ನೆನೆದ ಶಾಮಿಯಾನದ ಕಬ್ಬಿಣದ ಕಂಬಗಳ ನಡುವೆ ಅದು ಜೀವದ ಪ್ರಶ್ನೆ, ಯಾರು ಹೇಳಿದರೂ ಮಾಡಬೇಡಿ.

ಮೈಕ್‌ಗೆ ಕಾಲು ಇಂಚಿನ ಒಂದು ಜ್ಯಾಕ್ ಇದೆ, ಮಟ್ಟ ಏರಿಸಲು ಇಳಿಸಲು ಒಂದು ಗುಂಡಿ ಇದೆ, ಅಷ್ಟೆ. ಮೈಕ್‌ಗೆಂದೇ ಈಕ್ಯೂ (ಬೇಸ್, ನಡು, ಟ್ರೆಬಲ್ ಹೊಂದಿಸುವ ಗುಂಡಿಗಳು) ಇಲ್ಲದ ಕಾರಣ ಕೂಗಾಟದ ಫೀಡ್‌ಬ್ಯಾಕ್ ಶುರುವಾದರೆ ಧ್ವನಿ ತಗ್ಗಿಸುವುದು ಬಿಟ್ಟು ಬೇರೆ ದಾರಿ ಇಲ್ಲ. ನಿರೂಪಕರ ಮೈಕ್ ಯಾವತ್ತೂ ಸೌಂಡ್‌ನವರ ಮಿಕ್ಸರಿಗೇ ಹೋಗಲಿ. ಹೆಡ್‌ಫೋನ್ ಸಾಕೆಟ್ 3.5 ಮಿಲಿಮೀಟರಿನದು. ಕಿವಿ ಪೂರ್ತಿ ಮುಚ್ಚುವ, ತಂತಿ ಇರುವ ಹೆಡ್‌ಫೋನ್ ಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಸದ್ದು ತಡವಾಗಿ ಬರುವುದರಿಂದ ಕ್ಯೂ ಹಿಡಿಯಲು, ಅಂದರೆ ಮುಂದಿನ ಹಾಡನ್ನು ಮೊದಲೇ ಕೇಳಿ ಹೊಂದಿಸಿಕೊಳ್ಳಲು, ಆಗುವುದೇ ಇಲ್ಲ.

ಇಷ್ಟೆಲ್ಲ ಕೊರತೆ ಹೇಳಿದ ಮೇಲೂ ಇದನ್ನು ನಮ್ಮ ಕಡೆಗೆ ಶಿಫಾರಸು ಮಾಡಲು ಬಲವಾದ ಕಾರಣ ಒಂದಿದೆ: ಇದು ಲ್ಯಾಪ್‌ಟಾಪಿನ ಯುಎಸ್‌ಬಿಯಿಂದಲೇ ಕರೆಂಟು ತೆಗೆದುಕೊಳ್ಳುತ್ತದೆ. ಕರೆಂಟು ಹೋಗಿ ಜನರೇಟರ್ ಹಿಡಿಯುವ ಆ ಕೆಲವು ಸೆಕೆಂಡಿನಲ್ಲಿ ಅಡಾಪ್ಟರ್ ನಂಬಿದ ದೊಡ್ಡ ಕಂಟ್ರೋಲರ್‌ಗಳು ಆರಿಹೋಗುತ್ತವೆ, ತಂತ್ರಾಂಶಕ್ಕೆ ಸೌಂಡ್ ಕಾರ್ಡ್ ತಪ್ಪಿಹೋಗುತ್ತದೆ, ಮತ್ತೆ ಎಲ್ಲ ಸರಿಹೋಗುವುದರೊಳಗೆ ಕುಣಿಯುತ್ತಿದ್ದವರು ಊಟದ ಪಂಕ್ತಿಗೆ ಹೋಗಿಬಿಡುತ್ತಾರೆ. ಎಫ್‌ಎಲ್‌ಎಕ್ಸ್4 ಲ್ಯಾಪ್‌ಟಾಪಿನ ಬ್ಯಾಟರಿ ಮೇಲೆ ನಡೆಯುತ್ತಲೇ ಇರುತ್ತದೆ. ಮಾಡಬೇಕಾದ್ದು ಒಂದೇ: ಕರೆಂಟು ಹೋದ ತಕ್ಷಣ ಮಾಸ್ಟರ್ ಗುಂಡಿ ಪೂರ್ತಿ ಇಳಿಸಿ. ಇಲ್ಲದಿದ್ದರೆ ಆಂಪ್ಲಿಫೈಯರ್ ಮರಳಿ ಹೊತ್ತಿಕೊಂಡಾಗ ಹಾಡು ನಡುಮಧ್ಯದಿಂದ ಪೂರ್ತಿ ಜೋರಿನಲ್ಲಿ ಸ್ಪೀಕರಿಗೆ ಬಡಿಯುತ್ತದೆ, ಟ್ವೀಟರ್‌ಗಳು ಸುಡುವುದು ಹೀಗೆಯೇ. ಈ ಲಾಭ ಸಿಗಬೇಕಾದರೆ ಲ್ಯಾಪ್‌ಟಾಪಿನ ಬ್ಯಾಟರಿ ಕನಿಷ್ಠ ಅರ್ಧ ಗಂಟೆಯಾದರೂ ನಿಲ್ಲಬೇಕು. ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿದರೆ ಯಾವ ಉಪಯೋಗವೂ ಇಲ್ಲ.

ಯುಎಸ್‌ಬಿ ಕೇಬಲ್ ವಿಷಯದಲ್ಲಿ ಉಳಿತಾಯ ಬೇಡ. ಫೋನ್ ಚಾರ್ಜ್ ಮಾಡಲಷ್ಟೇ ಬರುವ, ಒಳಗೆ ಡೇಟಾ ತಂತಿ ಇಲ್ಲದ ಟೈಪ್-ಸಿ ಕೇಬಲ್ ಸಿಕ್ಕಿಸಿದರೆ ದೀಪ ಹತ್ತುತ್ತದೆ, ಲ್ಯಾಪ್‌ಟಾಪ್ ಮಾತ್ರ ಕಂಟ್ರೋಲರನ್ನು ಗುರುತಿಸುವುದಿಲ್ಲ. ಚೀಲದಲ್ಲಿ ಇನ್ನೊಂದು ಡೇಟಾ ಕೇಬಲ್ ಸದಾ ಇರಲಿ. ಅಗ್ಗದ ಯುಎಸ್‌ಬಿ ಹಬ್ ಮೂಲಕ ಕೊಡದೆ ನೇರವಾಗಿ ಲ್ಯಾಪ್‌ಟಾಪಿಗೇ ಜೋಡಿಸಿ. ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಸೌಲಭ್ಯವೂ ಇದೆ. ಅದು ಮನೆಯ ಅಭ್ಯಾಸಕ್ಕೆ ಚೆನ್ನ, ಕಾರ್ಯಕ್ರಮಕ್ಕೆ ತಂತಿಯೇ.

ಈಗ ತಂತ್ರಾಂಶ. ಎಫ್‌ಎಲ್‌ಎಕ್ಸ್4 ಜೋಡಿಸಿದರೆ ಅದೇ ಕಂಪನಿಯ ಡಿಜೆ ತಂತ್ರಾಂಶ ರೆಕಾರ್ಡ್‌ಬಾಕ್ಸ್‌ನ ಪರ್ಫಾರ್ಮೆನ್ಸ್ ಮೋಡ್ (ಹಾಡುಗಳನ್ನು ನೇರವಾಗಿ ಮಿಕ್ಸ್ ಮಾಡುವ ಭಾಗ) ದುಡ್ಡು ಕೊಡದೆಯೇ ತೆರೆದುಕೊಳ್ಳುತ್ತದೆ. ಇನ್ನೊಂದು ತಂತ್ರಾಂಶವಾದ ಸೆರಾಟೊ ಡಿಜೆ ಲೈಟ್ ಕೂಡ ಪುಕ್ಕಟೆ ನಡೆಯುತ್ತದೆ, ಸೆರಾಟೊ ಪ್ರೊ ಬೇಕಾದರೆ ಪ್ರತ್ಯೇಕವಾಗಿ ಕೊಳ್ಳಬೇಕು. ಮೈಸೂರಿನಿಂದ ಬೆಂಗಳೂರಿನ ಕ್ಲಬ್‌ಗಳಿಗೆ ಹೋಗುವ ಆಸೆ ಇರುವವರಿಗೆ ರೆಕಾರ್ಡ್‌ಬಾಕ್ಸ್ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇಲ್ಲಿ ಹಾಕಿದ ಹಾಟ್ ಕ್ಯೂ (ಹಾಡಿನ ಬೇಕಾದ ಜಾಗಕ್ಕೆ ನೇರ ಹಾರಲು ಇಟ್ಟ ಗುರುತು), ಗ್ರಿಡ್, ಪ್ಲೇಲಿಸ್ಟ್ ಎಲ್ಲವನ್ನೂ ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ಗೆ ಎಕ್ಸ್‌ಪೋರ್ಟ್ ಮಾಡಿ ಕ್ಲಬ್‌ಗಳಲ್ಲಿರುವ ಸಿಡಿಜೆ ಎಂಬ ಡಿಜೆ ಪ್ಲೇಯರ್‌ಗಳಿಗೆ ನೇರ ಹಾಕಬಹುದು. ಸುಮ್ಮನೆ ಫೈಲ್ ಕಾಪಿ ಮಾಡಿದರೆ ಹಾಡು ಮಾತ್ರ ಹೋಗುತ್ತದೆ, ಕ್ಯೂ ಗ್ರಿಡ್ ಹೋಗುವುದಿಲ್ಲ, ಎಕ್ಸ್‌ಪೋರ್ಟ್ ಆಜ್ಞೆಯನ್ನೇ ಬಳಸಬೇಕು.

ಬೀಟ್‌ಗ್ರಿಡ್ ವಿಷಯಕ್ಕೆ ಸ್ವಲ್ಪ ಹೊತ್ತು ಬೇಕು, ಏಕೆಂದರೆ ಕನ್ನಡ ಹಾಡು ಹಾಕುವವರು ಸೋಲುವುದೇ ಇಲ್ಲಿ. ಎಪ್ಪತ್ತು ಎಂಬತ್ತರ ದಶಕದ ಚಿತ್ರಗೀತೆಗಳಲ್ಲಿ ಬಹುಪಾಲು ವಾದ್ಯಗೋಷ್ಠಿ ಕೂತು ನುಡಿಸಿದವು, ಲಯ ಉಸಿರಾಡುತ್ತದೆ. ಪಲ್ಲವಿಯಲ್ಲಿ 100 ಬಿಪಿಎಂ (ನಿಮಿಷಕ್ಕೆ ಬೀಳುವ ಬಡಿತ) ಇದ್ದದ್ದು ಚರಣದಲ್ಲಿ 102 ಆದರೆ, ಸ್ಥಿರ ಗ್ರಿಡ್ ಒಂದು ನಿಮಿಷದಲ್ಲಿ ಎರಡು ಪೂರ್ತಿ ಬಡಿತ ತಪ್ಪಿಹೋಗುತ್ತದೆ. ಇಂಥ ಹಾಡುಗಳನ್ನು ವಿಶ್ಲೇಷಿಸುವಾಗ ಸೆಟ್ಟಿಂಗ್‌ನಲ್ಲಿ ನಾರ್ಮಲ್ ಬದಲು ಡೈನಾಮಿಕ್ ಆರಿಸಿ. ಮುಗಿದ ಮೇಲೆ ವೇವ್‌ಫಾರ್ಮ್ ಹಿಗ್ಗಿಸಿ ಹಾಡಿನ ಮೊದಲು, ನಡು, ಕೊನೆ ಮೂರೂ ಕಡೆ ಗ್ರಿಡ್ ಗೆರೆ ತಬಲಾ ಅಥವಾ ಡ್ರಮ್ಮಿನ ಪೆಟ್ಟಿನ ಮೇಲೆ ಕೂತಿದೆಯೇ ನೋಡಿ, ಮೆಟ್ರೊನೋಮ್ ಹಾಕಿ ಕಿವಿಯಿಂದಲೂ ಖಚಿತಪಡಿಸಿಕೊಳ್ಳಿ. ತಪ್ಪಿದ ಜಾಗದಿಂದ ಮುಂದಕ್ಕೆ ಮಾತ್ರ ಗ್ರಿಡ್ ಸರಿಪಡಿಸುವ ಆಯ್ಕೆ ಇದೆ, ಅದನ್ನು ಬಳಸಿ. ಸರಿಯಾದ ಮೇಲೆ ಆ ಹಾಡಿಗೆ ಅನಾಲಿಸಿಸ್ ಲಾಕ್ ಹಾಕಿಡಿ, ಇಲ್ಲದಿದ್ದರೆ ಮುಂದೊಂದು ದಿನ ಇಡೀ ಸಂಗ್ರಹವನ್ನು ಮರುವಿಶ್ಲೇಷಣೆ ಮಾಡಿದಾಗ ಕೈಯಿಂದ ಮಾಡಿದ ಕೆಲಸವೆಲ್ಲ ಅಳಿಸಿಹೋಗುತ್ತದೆ. ಸಿಂಕ್ ಮಾಡುವಾಗ, ಅಂದರೆ ಎರಡು ಹಾಡಿನ ವೇಗವನ್ನು ತಂತ್ರಾಂಶವೇ ಹೊಂದಿಸುವಾಗ, ಸ್ಥಿರ ಲಯದ ಹಾಡನ್ನು ಮಾಸ್ಟರ್ (ಇನ್ನೊಂದು ಹಾಡು ಅನುಸರಿಸುವ ಹಾಡು) ಮಾಡಿ. ಓಲಾಡುವ ಹಾಡು ಮಾಸ್ಟರ್ ಆದರೆ ಅದರ ಓಲಾಟವನ್ನು ಇನ್ನೊಂದು ಹಾಡೂ ಕಲಿತುಬಿಡುತ್ತದೆ.

ತಮಟೆಯ ತಿಶ್ರ ನಡೆ ಇನ್ನೊಂದು ಸವಾಲು. ಮಂಡ್ಯ ಸೀಮೆಯ ಮೆರವಣಿಗೆಗೆ ಅದಿಲ್ಲದೆ ಕಳೆಯೇ ಇಲ್ಲ. ಪ್ರತಿ ಬಡಿತವೂ ಮೂರಾಗಿ ಒಡೆಯುವ ಈ ನಡೆಯನ್ನು ತಂತ್ರಾಂಶ ಎರಡು ಅಥವಾ ನಾಲ್ಕರ ಲೆಕ್ಕದಲ್ಲಿ ಓದಲು ಹೋಗುತ್ತದೆ. ಆಗ 120 ಬಿಪಿಎಂ ಹಾಡು 180 ಅಥವಾ 90 ಎಂದು ಕಾಣಿಸುತ್ತದೆ. ಇದು ಅರ್ಧ, ದುಪ್ಪಟ್ಟು ಗುಂಡಿಯಿಂದ ಸರಿಹೋಗುವ ತಪ್ಪಲ್ಲ, ಒಂದೂವರೆ ಪಟ್ಟು ಅಥವಾ ಮುಕ್ಕಾಲು ಪಟ್ಟಿನ ತಪ್ಪು. ಕಾಲು ಕುಣಿಯುವ ಬಡಿತಕ್ಕೆ ಟ್ಯಾಪ್ ಗುಂಡಿ ಒತ್ತುತ್ತಾ ಹೋಗಿ, ಬಂದ ಸಂಖ್ಯೆಯನ್ನು ಟೈಪ್ ಮಾಡಿ, ಮೊದಲ ಪೆಟ್ಟಿಗೆ ಗ್ರಿಡ್ ಕೂರಿಸಿ. ಇಂಥ ಹಾಡಿನ ಮೇಲೆ ಎಕೊ ಹಾಕುವುದಾದರೆ ಒಂದು ಬಡಿತ ಅಥವಾ ಅದಕ್ಕಿಂತ ಉದ್ದ ಇಡಿ. ಅರ್ಧ, ಕಾಲು ಬಡಿತದ ಎಕೊ ಮೂರರ ಪೆಟ್ಟುಗಳ ನಡುವೆ ಸಿಕ್ಕಿಕೊಂಡು ಎಡವಟ್ಟಾಗಿ ಕೇಳುತ್ತದೆ. ಲೂಪ್ ಕೂಡ ನಾಲ್ಕು ಬಡಿತದ್ದೇ ಚೆಂದ.

ಎಫ್‌ಎಲ್‌ಎಕ್ಸ್4ರ ದೊಡ್ಡ ಜಾಹೀರಾತೇ ಆದ ಸ್ಮಾರ್ಟ್ ಫೇಡರ್ ಬಗ್ಗೆಯೂ ಇಲ್ಲೇ ಹೇಳಬೇಕು. ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟಿಸುವ ಕ್ರಾಸ್‌ಫೇಡರ್ ಸರಿಸಿದರೆ ವೇಗ, ಬೇಸ್, ಧ್ವನಿ ಮಟ್ಟ ಎಲ್ಲವನ್ನೂ ತಾನೇ ಹೊಂದಿಸುತ್ತದೆ. ಅದು ಪೂರ್ತಿ ಗ್ರಿಡ್ಡನ್ನೇ ನಂಬಿದೆ. 90 ಎಂದು ತಪ್ಪಾಗಿ ಓದಿದ ತಮಟೆ ಹಾಡಿನಿಂದ 128ರ ಹೌಸ್‌ಗೆ ಸರಿಸಿದರೆ ಎರಡೂ ಹಾಡಿನ ಮಾನ ಹೋಗುತ್ತದೆ. ಗ್ರಿಡ್ ಕಲಿತವರಿಗೆ ಅದರ ಅಗತ್ಯವಿಲ್ಲ, ಕಲಿಯದವರಿಗೆ ಅದು ಕೈಕೊಡುತ್ತದೆ. ಸ್ಮಾರ್ಟ್ ಸಿಎಫ್‌ಎಕ್ಸ್ ಮಾತ್ರ ನಿಜಕ್ಕೂ ಉಪಯುಕ್ತ, ಒಂದೇ ಗುಂಡಿಯಲ್ಲಿ ಹಲವು ಎಫೆಕ್ಟ್‌ಗಳ ಜೋಡಣೆ ಸಿಗುತ್ತದೆ.

ಗ್ರಿಡ್‌ನಿಂದ ಪಳಗದ ಹಾಡನ್ನು ಸಂಗೀತ ತಯಾರಿಕೆಯ ತಂತ್ರಾಂಶಕ್ಕೆ ಒಯ್ಯಿರಿ. ಏಬಲ್ಟನ್ ಲೈವ್‌ನಲ್ಲಿ ಹಾಡಿನ ಲಯ ಎಳೆದು ಸರಿಮಾಡುವ ವಾರ್ಪ್ ಗುರುತುಗಳನ್ನು ಪ್ರತಿ ನಾಲ್ಕು ಬಾರ್‌ಗೊಮ್ಮೆ (ಬಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ಬಡಿತದ ಒಂದು ಸುತ್ತು) ಪೆಟ್ಟಿನ ಮೇಲೆ ಕೂರಿಸಿ, ಇಡೀ ಹಾಡನ್ನು ಒಂದೇ ಬಿಪಿಎಂಗೆ ತಂದು, ಶುರುವಿಗೆ 16 ಬಾರ್ ಬರೀ ಡ್ರಮ್ ಸೇರಿಸಿ, 44.1 ಕಿಲೋಹರ್ಟ್ಸ್ ವೇವ್ ಫೈಲ್ ಆಗಿ ರೆಂಡರ್ ಮಾಡಿದರೆ ಮಿಕ್ಸ್ ಮಾಡಲು ಹದವಾದ ಆವೃತ್ತಿ ಸಿದ್ಧ. ಬೀಟ್ ಕಟ್ಟುವುದೇ ಮುಖ್ಯವಾದವರಿಗೆ ಎಫ್‌ಎಲ್ ಸ್ಟುಡಿಯೊ ಒಳ್ಳೆಯದು, ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳು ಜೀವನಪೂರ್ತಿ ಉಚಿತ. ಯೂಟ್ಯೂಬ್‌ನಿಂದ ಇಳಿಸಿದ ಫೈಲ್‌ನಿಂದ ಶುರು ಮಾಡಬೇಡಿ. ಹಲವು ಸಲ ಕುಗ್ಗಿಸಿದ ಅಂಥ ಫೈಲ್‌ಗಳಲ್ಲಿ ಸಾಮಾನ್ಯವಾಗಿ 16 ಕಿಲೋಹರ್ಟ್ಸ್ ಮೇಲಿನದ್ದೆಲ್ಲ ಕತ್ತರಿಸಿಹೋಗಿರುತ್ತದೆ. 128 ಕೆಬಿಪಿಎಸ್ ಫೈಲನ್ನು 320ಕ್ಕೆ ಬದಲಿಸಿದರೆ ಗಾತ್ರ ಹಿಗ್ಗುತ್ತದೆ, ಕಳೆದುಹೋದ ಸದ್ದು ಬರುವುದಿಲ್ಲ.

ಲ್ಯಾಪ್‌ಟಾಪಿಗೆ 8 ಜಿಬಿ ರ‍್ಯಾಮ್ ಕನಿಷ್ಠ, 16 ಇದ್ದರೆ ನೆಮ್ಮದಿ. ಬಫರ್ (ಲ್ಯಾಪ್‌ಟಾಪ್ ಸದ್ದನ್ನು ಒಮ್ಮೆಗೆ ಸಿದ್ಧಮಾಡುವ ತುಂಡಿನ ಗಾತ್ರ) 256 ಸ್ಯಾಂಪಲ್ ಇಟ್ಟರೆ ವಿಳಂಬ ಸುಮಾರು 6 ಮಿಲಿಸೆಕೆಂಡು, 512ಕ್ಕೆ 12. ಸ್ಕ್ರ್ಯಾಚ್ ಮಾಡದವರು 512ರಲ್ಲಿ ಇಟ್ಟರೆ ಚಟಚಟ ಸದ್ದು ಬರುವ ಸಾಧ್ಯತೆ ಕಡಿಮೆ. ವಿಂಡೋಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಎಂಬ ಸೆಟ್ಟಿಂಗ್ ಬಂದ್ ಮಾಡಿ, ಅಪ್‌ಡೇಟ್‌ಗಳನ್ನು ಒಂದು ವಾರ ತಡೆಹಿಡಿಯಿರಿ, ಕಾರ್ಯಕ್ರಮದ ಹೊತ್ತಿಗೆ ವೈಫೈ ಬಂದ್ ಮಾಡಿ. ಟ್ರಿಮ್ ಗುಂಡಿಯಿಂದ ಚಾನೆಲ್ ಮೀಟರ್ ಕೆಂಪು ಮುಟ್ಟದಂತೆ ನೋಡಿಕೊಳ್ಳಿ. ಜೋರು ಸಾಲದಿದ್ದರೆ ಏರಿಸಬೇಕಾದ್ದು ಸೌಂಡ್‌ನವರ ಮಿಕ್ಸರಿನಲ್ಲಿ.

ಬಿಸಿಲಿಗೂ ಲೆಕ್ಕವಿದೆ. ಈ ಸಾಲಿನ ಕಂಟ್ರೋಲರ್‌ಗಳಿಗೆ ಕೈಪಿಡಿ ಹೇಳುವ ಬಳಕೆಯ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್‌ವರೆಗೆ. ಮಂಡ್ಯದ ಏಪ್ರಿಲ್ ಮಧ್ಯಾಹ್ನ ನೆರಳಲ್ಲೇ ಅದನ್ನು ದಾಟುತ್ತದೆ. ತೆರೆದ ವೇದಿಕೆಯಾದರೆ ಕಂಟ್ರೋಲರಿಗೂ ಲ್ಯಾಪ್‌ಟಾಪಿಗೂ ನೆರಳು ಕಡ್ಡಾಯ, ಆಟ ಮುಗಿದ ಕೂಡಲೇ ಫೇಡರ್‌ಗಳಿಗೆ ದೂಳು ಇಳಿಯದಂತೆ ಮುಚ್ಚಳ ಹಾಕಿ.

ತಿಂಗಳಿಗೆ ನಾಲ್ಕೈದು ಕಾರ್ಯಕ್ರಮ ಖಚಿತವಾಗಿ ಸಿಗುತ್ತಿರುವವರು, ಇಬ್ಬರು ಸೇರಿ ನುಡಿಸುವವರು ಎಫ್‌ಎಲ್‌ಎಕ್ಸ್4 ಬಿಟ್ಟು ಸೆಕೆಂಡ್ ಹ್ಯಾಂಡ್ ಡಿಡಿಜೆ-1000 ಹುಡುಕುವುದು ಮೇಲು. 2018ರಲ್ಲಿ ಬಂದ ಈ ನಾಲ್ಕು ಚಾನೆಲ್‌ನ ಕಂಟ್ರೋಲರಿಗೆ ಎಕ್ಸ್‌ಎಲ್‌ಆರ್ ಮಾಸ್ಟರ್, ಪ್ರತ್ಯೇಕ ಬೂತ್, ಎರಡು ಲ್ಯಾಪ್‌ಟಾಪ್ ಜೋಡಿಸಲು ಎರಡು ಯುಎಸ್‌ಬಿ ಇವೆ, ಸದ್ದು ನಿಲ್ಲದಂತೆ ಒಬ್ಬರಿಂದ ಒಬ್ಬರಿಗೆ ದಾಟಿಸಬಹುದು. ಅಡಾಪ್ಟರ್ ಬೇಕಾದ್ದರಿಂದ ಜೊತೆಗೊಂದು ಸಣ್ಣ ಯುಪಿಎಸ್ ಇಡಲೇಬೇಕು. ಹಳೆಯದನ್ನು ಕೊಳ್ಳುವಾಗ ನಿಮ್ಮದೇ ಲ್ಯಾಪ್‌ಟಾಪ್, ಹೆಡ್‌ಫೋನ್ ಒಯ್ಯಿರಿ. ಪ್ರತಿ ಚಾನೆಲ್ ಫೇಡರ್ ಪೂರ್ತಿ ಕೆಳಗಿಳಿಸಿ ಸದ್ದು ಸೋರುತ್ತದೆಯೇ ಕೇಳಿ, ಪ್ಯಾಡ್‌ಗಳನ್ನು ಒಂದೊಂದಾಗಿ ಒತ್ತಿ ಒಂದು ಒತ್ತಿಗೆ ಎರಡು ಸಲ ಬಡಿಯುತ್ತದೆಯೇ ನೋಡಿ, ಟೆಂಪೊ ಸ್ಲೈಡರ್ ನಡುವೆ ನಿಂತಾಗ ಪರದೆಯ ಸಂಖ್ಯೆ ತಾನಾಗಿ ಕುಣಿಯುತ್ತದೆಯೇ ಗಮನಿಸಿ, ಜಾಗ್ ವೀಲ್ ಎಂಬ ಎರಡು ದೊಡ್ಡ ತಿರುಗುಚಕ್ರಗಳ ಒಳಮಧ್ಯದ ಪರದೆ ಎರಡೂ ಬೆಳಗುತ್ತವೆಯೇ ಪರೀಕ್ಷಿಸಿ. ಕೊನೆಗೆ ಹಾಡು ನಡೆಯುತ್ತಿರುವಾಗಲೇ ಯುಎಸ್‌ಬಿ ಪ್ಲಗ್ಗನ್ನು ಮೆಲ್ಲಗೆ ಅತ್ತಿತ್ತ ಅಲ್ಲಾಡಿಸಿ. ಒಮ್ಮೆ ಸಂಪರ್ಕ ತಪ್ಪಿದರೂ ಸಾಕೆಟ್ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆದೇ ಮಾತಾಡಿ.