ಚೀನಾದ ಅಂತರರಾಷ್ಟ್ರೀಯ ಸಂಬಂಧಗಳ ಚಿಂತನೆ: ಮೊದಲು ಯಾರನ್ನು ಓದಬೇಕು?

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲಿ ಮೂರು ಹೆಸರು ಎದುರಾಗುತ್ತವೆ: ಯಾನ್ ಶುಯೆತೋಂಗ್, ಚಿನ್ ಯಾಚಿಂಗ್, ಝಾವ್ ತಿಂಗ್‌ಯಾಂಗ್. ಮೂವರನ್ನೂ ಒಟ್ಟಿಗೆ ಹಿಡಿದರೆ ತಲೆ ಕೆಡುತ್ತದೆ.

ನನ್ನ ಕೇಳಿದರೆ ಯಾನ್ ಮೊದಲು. ಬೀಜಿಂಗಿನ ಚಿಂಗ್‌ಹುವಾ ವಿಶ್ವವಿದ್ಯಾಲಯದವರು. ದೇಶಗಳ ನಡುವೆ ಬಲವೇ ಮುಖ್ಯ ಎಂಬ ವಾಸ್ತವವಾದವನ್ನು ಇವರು ಬಿಡುವುದಿಲ್ಲ. ಆದರೆ ಬಲ ಒಂದೇ ಸಾಲದು, ಮುಂದಾಳುವಿಗೆ ನೀತಿಯೂ ಬೇಕು ಅನ್ನುತ್ತಾರೆ. ಇದಕ್ಕೆ ಪ್ರಾಚೀನ ಚಿಂತಕ ಶುನ್‌ಜಿಯ ವಿಂಗಡಣೆಯನ್ನು ಬಳಸುತ್ತಾರೆ. ಒಬ್ಬ ಧರ್ಮದಿಂದ ಜನರ ಮನಸ್ಸು ಗೆಲ್ಲುವವನು. ಇನ್ನೊಬ್ಬ ಮಿತ್ರರಿಗೆ ಕೊಟ್ಟ ಮಾತು ಉಳಿಸಿಕೊಂಡು ಮೇಲುಗೈ ಸಾಧಿಸುವವನು. ಮೂರನೆಯವನು ಬರೀ ತೋಳ್ಬಲ ನಂಬಿದವನು. ಅಮೆರಿಕ, ಚೀನಾ ಎರಡನ್ನೂ ಈ ಅಳತೆಗೆ ಹಚ್ಚಿ ನೋಡಬಹುದು. ಚೀನಾವನ್ನೂ ಅಳೆಯಬಹುದು ಅನ್ನೋದೇ ಇದರ ದೊಡ್ಡ ಗುಣ.

ಸಿದ್ಧಾಂತದ ಬೇರಿಗೇ ಇಳಿಯುವ ಆಸೆ ಇದ್ದರೆ ಚಿನ್. ಅಂತರರಾಷ್ಟ್ರೀಯ ಸಂಬಂಧಗಳ ಹೆಸರಾಂತ ಸಿದ್ಧಾಂತಿ ಅಲೆಕ್ಸಾಂಡರ್ ವೆಂಟ್ ಅವರ ಮುಖ್ಯ ಕೃತಿಯನ್ನು ಚೀನೀ ಭಾಷೆಗೆ ತಂದವರೂ ಇವರೇ. 2018ರ ತಮ್ಮ ಪುಸ್ತಕದಲ್ಲಿ ಸಂಬಂಧಗಳೇ ದೇಶವನ್ನು ರೂಪಿಸುತ್ತವೆ ಎಂದು ವಾದಿಸುತ್ತಾರೆ. ಒಂದೇ ದೇಶ ನೆರೆಯವನೊಂದಿಗೆ ಒಂದು ರೀತಿ, ದೂರದವನೊಂದಿಗೆ ಇನ್ನೊಂದು ರೀತಿ ನಡೆಯುತ್ತದೆ, ಅಲ್ವಾ? ಓದು ಸ್ವಲ್ಪ ಕಷ್ಟ, ಆದರೆ ಹೊಸತನ ಇವರಲ್ಲೇ ಜಾಸ್ತಿ.

ಝಾವ್ ತತ್ವಜ್ಞಾನಿ. ಝೌ ರಾಜವಂಶದ ಕಾಲದ ‘ತ್ಯೆನ್‌ಶ್ಯಾ’ (ಆಕಾಶದ ಕೆಳಗಿರುವುದೆಲ್ಲ) ಕಲ್ಪನೆಯಿಂದ, ಯಾರನ್ನೂ ಹೊರಗಿಡದ ಜಗತ್ತನ್ನು 2005ರ ಪುಸ್ತಕದಲ್ಲಿ ಚಿತ್ರಿಸಿದರು. ಕನಸು ದೊಡ್ಡದು. ಆದರೆ ಆ ಜಗತ್ತಿನ ಕೇಂದ್ರದಲ್ಲಿ ಕೂರುವವರು ಯಾರು ಎಂಬ ಟೀಕಾಕಾರರ ಪ್ರಶ್ನೆ ನನಗೂ ನ್ಯಾಯ ಅನಿಸುತ್ತದೆ. ಇವರನ್ನು ಕೊನೆಗೆ ಓದಿ, ಟೀಕೆಗಳ ಜೊತೆಗೇ ಓದಿ.