ಓಪನ್ ಟಾಪ್ ಹಳೇ ಕಾರು ಕೊಳ್ಳೋ ಮುಂಚೆ ನಾಲ್ಕು ಬಕೆಟ್ ನೀರು ಹೊಯ್ದು ನೋಡಿ

ಬಳ್ಳಾರಿ, ಹೊಸಪೇಟೆ ಕಡೆ ಸೆಕೆಂಡ್ ಹ್ಯಾಂಡ್ ಓಪನ್ ಟಾಪ್ ಕಾರು ಹುಡುಕುತ್ತಿರುವವರು ಇದನ್ನು ಓದಿ. ಜೀಪು, ಜಿಪ್ಸಿ ಬಗ್ಗೆ ಹೇಳುತ್ತಿಲ್ಲ. ಅವುಗಳ ರೆಕ್ಸಿನ್ ಹುಡ್ ಹರಿದರೆ ಸೀಟ್ ಕವರ್ ಅಂಗಡಿಯವರೇ ಹೊಲಿದು ಕೊಡುತ್ತಾರೆ. ನಾನು ಹೇಳುತ್ತಿರುವುದು ಬಟನ್ ಒತ್ತಿದರೆ ಟಾಪ್ ತಾನೇ ಮಡಚಿಕೊಂಡು ಹಿಂದೆ ಹೋಗಿ ಕೂರುವ ವಿದೇಶಿ ಗಾಡಿಗಳ ಬಗ್ಗೆ. ಹದಿನೈದು ಇಪ್ಪತ್ತು ವರ್ಷ ಹಳೆಯವು ಹೊಸ ಸಣ್ಣ ಕಾರಿನ ರೇಟಿಗೇ ಸಿಗುತ್ತವೆ. ಆಸೆ ಆಗದೇ ಇರುತ್ತಾ?

ನಮ್ಮ ಭಾವ ಅಂಥದ್ದೊಂದು ಗಾಡಿಯನ್ನು ಏಪ್ರಿಲ್‌ನಲ್ಲಿ ಕೊಂಡರು. ಎರಡು ಸೀಟು, ಬಟ್ಟೆ ಟಾಪು. ಮಾರಿದ ಬ್ರೋಕರ್ ಹೇಳಿದ ಮೊದಲ ಮಾತೇ "ಗಣಿ ಧಣಿಗಳ ಮನೆ ಗಾಡಿ ಅಣ್ಣಾ, ನೆರಳಲ್ಲೇ ನಿಂತಿತ್ತು" ಅಂತ. ನಮ್ಮ ಕಡೆ ಈ ಮಾತಿಗೆ ಇನ್ನೂ ಬೆಲೆ ಇದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಟಿಪ್ಪರು, ಕಾರು ಎಲ್ಲ ಸಿಕ್ಕ ರೇಟಿಗೆ ಕೈ ಬದಲಾದದ್ದು ನಿಜ. ಆದರೆ ಅಷ್ಟು ಹಳೇ ಕಥೆಯನ್ನು ಇವತ್ತಿಗೂ ಪ್ರತಿ ಗಾಡಿಗೂ ಅಂಟಿಸುತ್ತಾರೆ. ಆರ್‌ಸಿ ತೆಗೆದು ನೋಡಿದರೆ ಈ ಗಾಡಿ ಮೊದಲು ರಿಜಿಸ್ಟರ್ ಆಗಿದ್ದೇ ಮಹಾರಾಷ್ಟ್ರದಲ್ಲಿ. ಬಳ್ಳಾರಿಯ ಕೆಎ-34 ನಂಬರ್ ಬಂದಿದ್ದು ಎಷ್ಟೋ ವರ್ಷದ ಮೇಲೆ.

ಬೇಸಿಗೆ ಪೂರ್ತಿ ಗಾಡಿ ಚೆನ್ನಾಗಿಯೇ ಓಡಿತು. ಸೆಪ್ಟೆಂಬರ್‌ನಲ್ಲಿ ಒಂದು ರಾತ್ರಿ ಜೋರು ಮಳೆ ಬಂತು. ಬೆಳಿಗ್ಗೆ ಡೋರ್ ತೆಗೆದರೆ ಹಸಿ ಗೋಣಿಚೀಲದ ವಾಸನೆ. ಬಟನ್ ಒತ್ತಿದರೆ ಟಾಪ್ ಅರ್ಧಕ್ಕೆ ಎದ್ದು ಅಲ್ಲೇ ನಿಂತಿತು. ಮೇಲಕ್ಕೂ ಹೋಗಲ್ಲ, ಕೆಳಕ್ಕೂ ಇಳಿಯಲ್ಲ. ಮೇಲೆ ಟಾರ್ಪಾಲ್ ಹೊದಿಸಿ ಕೂತೆವು.

ಗ್ಯಾರೇಜಿನ ಮೇಸ್ತ್ರಿ ಸೀಟಿನ ಹಿಂದಿನ ಟ್ರಿಮ್ ಬಿಚ್ಚಿದಾಗ ವಿಷಯ ಗೊತ್ತಾಯಿತು. ಇಂಥ ಕಾರಿನಲ್ಲಿ ಟಾಪ್ ಮೇಲಿಂದ ಇಳಿಯುವ ನೀರು ಹಿಂಬದಿಯ ಎರಡೂ ಮೂಲೆಯಲ್ಲಿ ಒಂದು ತೊಟ್ಟಿಯಂಥ ಜಾಗಕ್ಕೆ ಬಂದು, ಸಣ್ಣ ರಬ್ಬರ್ ಪೈಪಿನಲ್ಲಿ ಗಾಡಿಯ ಕೆಳಗೆ ಹೋಗಬೇಕು. ಮೇಸ್ತ್ರಿ ತಂತಿ ಹಾಕಿ ಎಳೆದಾಗ ಆ ಪೈಪಿನಿಂದ ಬೆರಳುದ್ದದ ಕೆಂಪು ಮಣ್ಣಿನ ಉಂಡೆ ಬಂತು. ಮಧ್ಯೆ ಮಧ್ಯೆ ಒಣಗಿದ ಬೇವಿನ ಎಲೆ ಸಿಕ್ಕಿಕೊಂಡು ಗಟ್ಟಿಯಾಗಿತ್ತು. ನೀರು ಹೋಗಲು ದಾರಿಯೇ ಇಲ್ಲ. ಕೆಲವು ಮಾಡೆಲ್‌ಗಳಲ್ಲಿ ಟಾಪ್ ಎತ್ತುವ ಹೈಡ್ರಾಲಿಕ್ ಪಂಪಿನ ಮೋಟರ್ ಇರುವುದೂ ಅದೇ ತೊಟ್ಟಿಯ ತಳದಲ್ಲಿ. ಯಾವ ಮಹಾನುಭಾವ ಅಲ್ಲಿಟ್ಟನೋ! ನೀರು ನಿಂತರೆ ಮೋಟರ್ ಮುಳುಗುತ್ತದೆ, ಸುಟ್ಟು ಹೋಗುತ್ತದೆ. ನಮ್ಮದೂ ಅದೇ ಆಯಿತು. ಹಳೇ ಮೋಟರ್ ಕಟ್ಟಿಸಿಕೊಂಡು ಹಾಕೋಣ ಅಂದರೆ ಒಳಗೆಲ್ಲ ತುಕ್ಕು. ಬ್ರೋಕರ್‌ಗೆ ಫೋನ್ ಮಾಡಿದರೆ, "ನೋಡಿಯೇ ತಗೊಂಡಿದ್ದೀರಲ್ಲಾ ಅಣ್ಣಾ, ಮಳೆಗೆ ನಾನೇನು ಮಾಡ್ಲಿ" ಅಂದ.

ತುಕ್ಕು ಒಂದೇ ಮಳೆಗೆ ಬರಲ್ಲ. ಅಂದರೆ ಅದು ಹಿಂದಿನ ಮಳೆಗಳಲ್ಲೂ ಮುಳುಗಿ, ಹೇಗೋ ಉಸಿರು ಹಿಡಿದುಕೊಂಡಿತ್ತು. ನಮ್ಮ ಜಿಲ್ಲೆಯ ಕಷ್ಟ ಇದೇ ನೋಡಿ. ಮಂಗಳೂರಿನಲ್ಲಾದರೆ ಸೋರುವ ಗಾಡಿ ಒಂದು ವಾರದಲ್ಲಿ ಸಿಕ್ಕಿಬೀಳುತ್ತದೆ. ಇಲ್ಲಿ ವರ್ಷದ ಹೆಚ್ಚು ತಿಂಗಳು ಒಣ ಬಿಸಿಲು. ಸೋರುವ ಗಾಡಿ, ಸೋರದ ಗಾಡಿ ಎರಡೂ ಒಂದೇ ಥರ ಕಾಣುತ್ತವೆ. ಮೇಲಿಂದ ಅದಿರಿನ ಕೆಂಪು ಧೂಳು ಸುಮ್ನೆ ಪೈಪಿನಲ್ಲಿ ಕೂರುತ್ತಾ ಹೋಗುತ್ತದೆ. ಅದಕ್ಕೇ ಮಳೆ ಬರುವ ತನಕ ಕಾಯಬೇಡಿ, ಮಳೆಯನ್ನು ನೀವೇ ತನ್ನಿ. ಟಾಪ್ ಮುಚ್ಚಿಸಿ, ಗಾಡಿಯನ್ನು ವಾಟರ್ ಸರ್ವಿಸ್‌ಗೆ ತೆಗೆದುಕೊಂಡು ಹೋಗಿ. ಪ್ರೆಶರ್ ಬೇಡ, ಸಾದಾ ಪೈಪಿನಲ್ಲಿ ಹತ್ತು ನಿಮಿಷ ಮೇಲಿಂದ ನೀರು ಬಿಡಿ. ನೀವು ಒಳಗೆ ಕೂತಿರಿ. ಮುಂದಿನ ಗ್ಲಾಸಿನ ಮೇಲಂಚು, ಡೋರ್ ಗ್ಲಾಸ್ ಟಾಪಿಗೆ ಸೇರುವ ಮೂಲೆ ಇವೆರಡರ ಮೇಲೆ ಕಣ್ಣಿರಲಿ. ಪೈಪ್ ಸಿಗದಿದ್ದರೆ ನಾಲ್ಕು ಬಕೆಟ್ ಸಾಕು. ಆಮೇಲೆ ಬಗ್ಗಿ ಗಾಡಿಯ ಕೆಳಗೆ ನೋಡಿ. ಹಿಂದಿನ ಚಕ್ರಗಳ ಹತ್ತಿರ ಎರಡೂ ಪಕ್ಕ ನೀರು ಧಾರೆಯಾಗಿ ಬೀಳಬೇಕು. ಒಂದೇ ಪಕ್ಕ ಬಿದ್ದರೆ ಇನ್ನೊಂದು ಪಕ್ಕದ ನೀರು ಎಲ್ಲಿ ಹೋಯಿತು ಅಂತ ಮಾರುವವನನ್ನೇ ಕೇಳಿ.

ಮ್ಯಾಟ್ ಎತ್ತಿ ನೋಡಿದರೆ ಸಾಲದು. ಕಾರ್ಪೆಟ್ ಕೆಳಗೆ ದಪ್ಪ ಸ್ಪಂಜು ಇರುತ್ತದೆ, ಅಲ್ಲಿ ಕೈ ತೂರಿಸಿ ಒತ್ತಿ. ಮೇಲೆ ಒಣಗಿದ್ದರೂ ಸ್ಪಂಜು ತಿಂಗಳುಗಟ್ಟಲೆ ನೀರು ಹಿಡಿದಿರುತ್ತದೆ. ಸೀಟ್ ಬೋಲ್ಟುಗಳ ಸುತ್ತ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಗುಂಡಿಯ ತಳದಲ್ಲಿ ನೀರಿನ ಕಲೆ ಇದ್ದರೆ ಬೇರೆ ಸಾಕ್ಷಿ ಬೇಕಿಲ್ಲ. ಭಾವನ ಗಾಡಿಯಲ್ಲಿ ಎರಡೆರಡು ಸೆಂಟಿನ ಡಬ್ಬಿ ನೇತು ಹಾಕಿದ್ದರು. ಆಗ ಅದು ಶೋಕಿ ಅನ್ನಿಸಿತ್ತು.

ಡೋರ್, ಗ್ಲಾಸಿನ ಅಂಚಿಗೆ ನೀರು ತಡೆಯಲು ಹಾಕಿರುವ ಬೀಡಿಂಗ್ ರಬ್ಬರಿಗೆ ಬಳ್ಳಾರಿ ಬಿಸಿಲು ದೊಡ್ಡ ಶತ್ರು. ಮಾರುವವರು ಟೈರ್ ಪಾಲಿಶ್ ಬಳಿದು ಕಪ್ಪಗೆ ಮಿಂಚಿಸಿರುತ್ತಾರೆ. ಬಿಳಿ ಬಟ್ಟೆಯಲ್ಲಿ ಒರೆಸಿ, ಉಗುರಿನಿಂದ ಒತ್ತಿ. ಒತ್ತಿದ ಜಾಗ ವಾಪಸ್ ಉಬ್ಬದಿದ್ದರೆ ರಬ್ಬರ್ ಸತ್ತಿದೆ ಅಂತ ಅರ್ಥ. ಬಟ್ಟೆ ಟಾಪ್ ಮೊದಲು ಹರಿಯುವುದು ಮಡಿಕೆ ಬೀಳುವ ಮೂಲೆಯಲ್ಲಿ, ಆಮೇಲೆ ಹೊಲಿಗೆಯಲ್ಲಿ. ಹಿಂದಿನ ಕಿಟಕಿ ಗಾಜಿನದ್ದಲ್ಲದೆ ಪ್ಲಾಸ್ಟಿಕ್ಕಿನದ್ದಾದರೆ ಹಳದಿಯಾಗಿ ಸೀಳು ಬಿಟ್ಟಿರುತ್ತದೆ.

ಇಂಥ ಗಾಡಿಯ ಫೋಟೋದಲ್ಲಿ ಟಾಪ್ ತೆಗೆದೇ ಇರುತ್ತದೆ, ಗಮನಿಸಿದ್ದೀರಾ? ನೋಡಲು ಹೋದಾಗಲೂ ತೆಗೆದೇ ನಿಲ್ಲಿಸಿರುತ್ತಾರೆ. ಇಂಜಿನ್ ಸ್ಟಾರ್ಟ್‌ನಲ್ಲಿ ಇಟ್ಟುಕೊಂಡೇ ಎರಡು ಮೂರು ಸಲ ತೆಗೆಸಿ, ಮುಚ್ಚಿಸಿ. ಪಂಪ್ ತುಂಬಾ ಕರೆಂಟ್ ಎಳೆಯುವುದರಿಂದ ಬರೀ ಬ್ಯಾಟರಿ ಮೇಲೆ ಮಾಡಿಸಿದರೆ ಸರಿಯಾಗಿ ತಿಳಿಯಲ್ಲ. ಎರಡೂ ಪಕ್ಕ ಸಮನಾಗಿ ಏಳಬೇಕು. ಮೋಟರ್ ಸದ್ದು ಮಾಡುತ್ತಿದ್ದು ಟಾಪ್ ನಿಧಾನವಾದರೆ ಆಯಿಲ್ ಲೀಕ್ ಇರಬಹುದು. ಮೇಲಿನ ಬಟ್ಟೆಯಲ್ಲಿ, ಡಿಕ್ಕಿ ಪಕ್ಕದಲ್ಲಿ ಎಣ್ಣೆ ಕಲೆ ಹುಡುಕಿ. "ಕೈಯಿಂದ ಸ್ವಲ್ಪ ಸಪೋರ್ಟ್ ಕೊಟ್ರೆ ಸಾಕು" ಅಂದರೆ ಅಲ್ಲಿಂದಲೇ ವಾಪಸ್ ಬನ್ನಿ.

ಮೇಲೆ ಛಾವಣಿ ಇಲ್ಲದ್ದರಿಂದ ಬಾಡಿಯ ಭಾರವೆಲ್ಲ ಕೆಳಗಿನ ಫ್ಲೋರ್ ಮತ್ತು ಡೋರ್ ಕೆಳಗಿನ ಪಟ್ಟಿಯ ಮೇಲೆ. ಅಲ್ಲಿ ತುಕ್ಕು ಹಿಡಿದು ಪುಟ್ಟಿ ಮೆತ್ತಿದ್ದರೆ ಗಾಡಿ ನಡುವೆ ಬಾಗುತ್ತದೆ. ಡೋರ್ ಸಂದು ಮೇಲೆ ಕಿರಿದು, ಕೆಳಗೆ ಅಗಲವಾಗಿದ್ದರೆ ಅನುಮಾನ ಪಡಿ. ಒಂದು ರೋಡ್ ಹಂಪಿನ ಮೇಲೆ ಓರೆಯಾಗಿ ನಿಧಾನ ಹತ್ತಿಸಿ. ಹಂಪ್ ಹುಡುಕಿಕೊಂಡು ಹೋಗಬೇಕಿಲ್ಲ ಬಿಡಿ, ನಮ್ಮೂರಲ್ಲಿ ಮನೆಗೊಂದಿದೆ. ಮುಂದಿನ ಗ್ಲಾಸಿನ ಫ್ರೇಮ್ ಸ್ವಲ್ಪ ಅದುರುವುದು ಇಂಥ ಗಾಡಿಗಳಲ್ಲಿ ಸಹಜ. ಡೋರ್ ಕಟಕಟ ಅಂದರೆ ಸಹಜ ಅಲ್ಲ.

ಕೆಲವರು ಸಾದಾ ಕಾರಿನ ಛಾವಣಿಯನ್ನೇ ಕಟಿಂಗ್ ಮಿಷನ್ನಿನಲ್ಲಿ ಕತ್ತರಿಸಿ ಓಪನ್ ಕಾರು ಅಂತ ಮಾರುತ್ತಾರೆ. ಅದರ ಹತ್ತಿರವೂ ಸುಳಿಯಬೇಡಿ. ಕಂಪನಿ ಕೊಟ್ಟ ಬಾಡಿ ಹೀಗೆ ಬದಲಾಯಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಪ್ಪು, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಎಫ್‌ಸಿಗೆ, ಅಂದರೆ ಆರ್‌ಟಿಒ ಫಿಟ್‌ನೆಸ್ ಪರೀಕ್ಷೆಗೆ ಹೋದರೆ ಗಾಡಿ ಅಲ್ಲೇ ಉಳಿಯುತ್ತದೆ.

ಕಾಗದದ ವಿಷಯದಲ್ಲಿ ಎಲ್ಲರಿಗೂ ಗೊತ್ತಿರುವುದನ್ನು ಬಿಡುತ್ತೇನೆ. ಗೊತ್ತಿಲ್ಲದ್ದು ಒಂದಿದೆ. 15 ವರ್ಷ ದಾಟಿದ, 20 ವರ್ಷದೊಳಗಿನ ಕಾರಿನ ರಿಜಿಸ್ಟ್ರೇಶನ್ ರಿನ್ಯೂವಲ್ ಫೀಸು 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಗಿದೆ. ಆದರೆ ಇಂಪೋರ್ಟೆಡ್ ಕಾರಾದರೆ ಅದು 40,000. ಇಂಥ ಓಪನ್ ಕಾರುಗಳು ಹೆಚ್ಚಿನವು ಇಂಪೋರ್ಟೆಡ್ಡೇ. ಆರ್‌ಸಿ ಅವಧಿ ಯಾವಾಗ ಮುಗಿಯುತ್ತದೆ ಅಂತ ನೋಡಿಕೊಂಡೇ ರೇಟ್ ಮಾತಾಡಿ. ದೆಹಲಿ ನಂಬರ್ ಗಾಡಿ ಅಗ್ಗಕ್ಕೆ ಬಂದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಇಲ್ಲಿನ ಲೈಫ್ ಟ್ಯಾಕ್ಸ್ ಬೇರೆ ಕಟ್ಟಬೇಕು. ಲೋನ್ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇದ್ದರೆ 35ನೇ ನಂಬರ್ ಫಾರಂ, ಬ್ಯಾಂಕಿನ ಎನ್‌ಒಸಿ ಎರಡನ್ನೂ ಮಾರುವವನಿಂದಲೇ ತರಿಸಿ.

ಟೋಕನ್ ಕೊಡುವಾಗ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ: ನೀರು ಬಿಟ್ಟು ನೋಡಿದಾಗ ಸೋರಿದರೆ, ಟಾಪ್ ನಡುವೆ ನಿಂತರೆ ಟೋಕನ್ ವಾಪಸ್. ಭಾವನ ಸ್ನೇಹಿತರೊಬ್ಬರು ಮೊನ್ನೆ ಇನ್ನೊಂದು ಗಾಡಿಗೆ ಹೀಗೇ ಚೀಟಿ ಕೇಳಿದರು. ಮಾರುವವನು ನಾಳೆ ಬನ್ನಿ ಅಂದ. ಆಮೇಲೆ ಫೋನೇ ಎತ್ತುತ್ತಿಲ್ಲ.