ಟ್ಯೂಬ್ ಆಂಪ್ ಜೊತೆ ಕೆಲವು ವರ್ಷ: ಅಂಗಡಿಯಲ್ಲಿ ಕೇಳಿದ್ದೊಂದು, ಮನೆಯಲ್ಲಿ ಉಳಿದಿದ್ದೊಂದು

15 ವ್ಯಾಟ್‌ನ ಟ್ಯೂಬ್ ಆಂಪ್ (ಗಾಜಿನ ನಿರ್ವಾತ ಟ್ಯೂಬ್‌ಗಳಿಂದ ನಡೆಯುವ ಗಿಟಾರ್ ಆಂಪ್ಲಿಫೈಯರ್) ಮನೆಗೆ ಹೇಳಿ ಮಾಡಿಸಿದ್ದು ಅಂತ ಯಾರಾದರೂ ಅಂದರೆ, ಅವರ ಮನೆ ಎಷ್ಟು ದೊಡ್ಡದು ಅಂತ ಮೊದಲು ಕೇಳಿ. ನನ್ನ ಹತ್ತಿರ ಇರುವುದು ಅದೇ. ಸ್ಪೀಕರ್ ಓಡಿಸಲು ಎರಡು ಇಎಲ್84 ಪವರ್ ಟ್ಯೂಬ್, ಗಿಟಾರ್‌ನ ಸಣ್ಣ ಸಿಗ್ನಲ್ ಹಿಗ್ಗಿಸಲು ಮೂರು 12ಎಎಕ್ಸ್7 ಪ್ರೀಆಂಪ್ ಟ್ಯೂಬ್, 12 ಇಂಚಿನ ಒಂದು ಸ್ಪೀಕರ್, ಸ್ಪ್ರಿಂಗ್ ರಿವರ್ಬ್ (ಸ್ಪ್ರಿಂಗ್‌ನಿಂದ ಬರುವ ಗುಂಗಿನ ಎಫೆಕ್ಟ್). ಹೊಸದನ್ನೇ ತಗೊಂಡೆ. ಮನೆಯಲ್ಲಿ, ಬ್ಯಾಂಡ್ ಪ್ರಾಕ್ಟೀಸ್‌ನಲ್ಲಿ, ಆಗೀಗ ಸ್ಟೇಜ್ ಮೇಲೆ ಕೆಲವು ವರ್ಷಗಳಿಂದ ನುಡಿಸುತ್ತಿದ್ದೇನೆ. ಕಂಪನಿ ಹೆಸರು ಬೇಡ. ಇದೇ ಅಚ್ಚಿನ ಆಂಪ್‌ಗಳನ್ನು ತುಂಬ ಕಂಪನಿಗಳು ಮಾಡುತ್ತವೆ. ನಾನು ಹೇಳುವ ಮಾತು ಬಹುತೇಕ ಎಲ್ಲಕ್ಕೂ ಹೊಂದುತ್ತದೆ.

ಸದ್ದಿನ ಲೆಕ್ಕ ಮೊದಲು ಮುಗಿಸೋಣ. ಗಿಟಾರ್ ಸ್ಪೀಕರ್‌ಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸಾಮಾನ್ಯವಾಗಿ 97ರಿಂದ 100 ಡೆಸಿಬೆಲ್ ಬರುತ್ತದೆ. ಒಂದೇ ಒಂದು ವ್ಯಾಟ್‌ಗೆ! ಪಕ್ಕದಲ್ಲಿ ನಿಂತವರು ಕೂಗಿ ಮಾತಾಡಬೇಕು. ಪವರ್ ಅರ್ಧ ಮಾಡಿದರೆ ಕಡಿಮೆಯಾಗುವುದು ಬರೀ 3 ಡೆಸಿಬೆಲ್. ಕಿವಿಗೆ ಸದ್ದು ಅರ್ಧ ಅನ್ನಿಸಬೇಕಾದರೆ ಪವರ್ ಸುಮಾರು ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯಬೇಕು. ಹಾಗಾಗಿ 30 ವ್ಯಾಟ್ ಬಿಟ್ಟು 15ಕ್ಕೆ ಇಳಿದರೆ ನಿಮ್ಮ ಅಕ್ಕಪಕ್ಕದ ಮನೆಯವರಿಗೆ ದೊಡ್ಡ ವ್ಯತ್ಯಾಸವೇನೂ ಗೊತ್ತಾಗಲ್ಲ. ಹಾಫ್ ಪವರ್ ಸ್ವಿಚ್ ಇದೆ ಅಂತ ಖುಷಿಪಡುವವರಿಗೂ ಇದೇ ಲೆಕ್ಕ.

ತಗೊಳ್ಳುವ ಮೊದಲು ನಾವು ಮೂವರು ಗಿಟಾರ್‌ನವರು ಒಟ್ಟಿಗೆ ಹೋಗಿ ಬೇರೆ ಬೇರೆ ಆಂಪ್ ನುಡಿಸಿ ನೋಡಿದೆವು. ಒಬ್ಬ ಮೆಟಲ್ ನುಡಿಸುವವನು, ಗಿಟಾರ್‌ನಲ್ಲಿ ಹಮ್‌ಬಕರ್ (ಎರಡು ಸುರುಳಿಯ ದಪ್ಪ ಸದ್ದಿನ ಪಿಕಪ್). ಇನ್ನೊಬ್ಬ ಟೆಲಿಕಾಸ್ಟರ್ ಗಿಟಾರ್ ಬಿಟ್ಟು ಬೇರೆ ಮುಟ್ಟುವವನಲ್ಲ, ಎಲ್ಲ ಕ್ಲೀನ್, ಅಂದರೆ ಸದ್ದು ಒಡೆಯಬಾರದು. ನಾನು ಇಬ್ಬರ ಮಧ್ಯೆ. ಇಎಲ್34 ಪವರ್ ಟ್ಯೂಬ್ ಇರುವ 50 ವ್ಯಾಟ್ ಹೆಡ್ (ಸ್ಪೀಕರ್ ಇಲ್ಲದ ಬರೀ ಆಂಪ್), ನಾಲ್ಕು ಸ್ಪೀಕರ್ ಕ್ಯಾಬಿನೆಟ್ ಹಾಕಿದ ಕೂಡಲೇ ಮೂವರೂ ಅದಕ್ಕೇ ಮನಸೋತೆವು. ಅದು ಜೋರಾಗಿತ್ತು, ಅಷ್ಟೇ ಕಾರಣ. ಸದ್ದು ಜಾಸ್ತಿಯಾದಂತೆ ಕಿವಿಗೆ ಬಾಸ್ ಮತ್ತು ಟ್ರೆಬಲ್ ಹೆಚ್ಚು ತುಂಬಿದ ಹಾಗೆ ಕೇಳಿಸುತ್ತದೆ. ಟೋನ್ ಚೆನ್ನಾಗಿದೆ ಅಂತ ನಾವು ಅಂದುಕೊಳ್ಳುವುದು ಎಷ್ಟೋ ಸಲ ಬರೀ ವಾಲ್ಯೂಮ್ ಆಟ. ಎಲ್ಲ ಆಂಪ್‌ಗಳನ್ನೂ ಒಂದೇ ಮಟ್ಟದ ಸದ್ದಿಗೆ ತಂದು ಮತ್ತೆ ಕೇಳಿದಾಗ ಅಭಿಪ್ರಾಯ ಮೂರು ದಿಕ್ಕಿಗೆ ಹೋಯಿತು. ಟೆಲಿಕಾಸ್ಟರ್‌ನವನಿಗೆ ಎರಡು 6ವಿ6 ಪವರ್ ಟ್ಯೂಬ್ ಇರುವ 22 ವ್ಯಾಟ್ ಕಾಂಬೊ (ಆಂಪ್, ಸ್ಪೀಕರ್ ಒಂದೇ ಡಬ್ಬದಲ್ಲಿ) ಹಿಡಿಸಿತು. ಮೆಟಲ್‌ನವನು ಚಿಕ್ಕ ಆಂಪ್‌ಗಳನ್ನೆಲ್ಲ ಮೂಗು ಮುರಿದು ಬಿಟ್ಟ. ಅವನಿಗೆ ಪಾಮ್ ಮ್ಯೂಟ್ (ಅಂಗೈಯಿಂದ ತಂತಿ ಒತ್ತಿ) ಹೊಡೆದಾಗ ಕೆಳಗಿನ ತಂತಿ ಬಿಗಿಯಾಗಿ ಬರಬೇಕು. ಒಂದೇ ಸ್ಪೀಕರ್, ಹಿಂದೆ ತೆರೆದ ಡಬ್ಬ, ಅದರಲ್ಲಿ ಅದು ಬರಲ್ಲ. ಅವನ ಮಾತು ಸರಿ.

ಅಮೆರಿಕನ್ ಸೌಂಡ್, ಬ್ರಿಟಿಷ್ ಸೌಂಡ್ ಅಂತ ಅವತ್ತು ಇಬ್ಬರೂ ತುಂಬ ವಾದ ಮಾಡಿದರು. ಬ್ರಿಟನ್‌ನ ಮಾರ್ಷಲ್ ಕಂಪನಿಯ ಮೊದಲ ಆಂಪ್ ಜೆಟಿಎಂ45, ಬಂದಿದ್ದು 1962ರಲ್ಲಿ. ಅದರ ಸರ್ಕ್ಯೂಟ್ ಹೆಚ್ಚುಕಡಿಮೆ ಅಮೆರಿಕದ ಫೆಂಡರ್ ಕಂಪನಿಯ ಬಾಸ್‌ಮನ್ ಆಂಪ್‌ನದೇ! ಟ್ರಾನ್ಸ್‌ಫಾರ್ಮರ್, ಸ್ಪೀಕರ್, ಟ್ಯೂಬ್ ಬದಲಾದವು, ಸೌಂಡ್ ಬೇರೆ ದಾರಿ ಹಿಡಿಯಿತು. ಅದಕ್ಕೇ ಟ್ಯೂಬ್ ಹೆಸರು ನೋಡಿ ಆಂಪ್ ಆರಿಸುವುದು ನನಗೆ ಇಷ್ಟವಿಲ್ಲ. ಸ್ಪೀಕರ್ ಬದಲಾಯಿಸಿದರೆ ಆಗುವ ವ್ಯತ್ಯಾಸ, ಒಂದು ಬ್ರ್ಯಾಂಡ್ 12ಎಎಕ್ಸ್7 ತೆಗೆದು ಇನ್ನೊಂದು ಬ್ರ್ಯಾಂಡ್ ಹಾಕಿದರೆ ಆಗುವುದಕ್ಕಿಂತ ಎಷ್ಟೋ ದೊಡ್ಡದು.

ಮನೆಗೆ ತಂದ ಮೇಲೆ ಮೊದಲ ಕೆಲವು ತಿಂಗಳು ಟ್ರೆಬಲ್ ಚುಚ್ಚುತ್ತಿತ್ತು. ನುಡಿಸುತ್ತಾ ನುಡಿಸುತ್ತಾ ಅದು ಸ್ವಲ್ಪ ಮೆತ್ತಗಾಯಿತು. ಹೊಸ ಸ್ಪೀಕರ್‌ನ ಕೋನ್ ಸಡಿಲವಾಗಿರಬಹುದು, ನನ್ನ ಕಿವಿಯೇ ಒಗ್ಗಿಕೊಂಡಿರಬಹುದು. ಎರಡೂ ಇರಬಹುದು ಅನ್ನಿಸುತ್ತದೆ.

ಮನೆಯಲ್ಲಿ ಗೇನ್ (ಪ್ರೀಆಂಪ್‌ನ ಮಟ್ಟ) ಏರಿಸಿ ಮಾಸ್ಟರ್ (ಒಟ್ಟು ವಾಲ್ಯೂಮ್) ಇಳಿಸಿದರೆ ಬರುವ ಡಿಸ್ಟಾರ್ಷನ್, ಅಂದರೆ ಒಡೆದ ಸದ್ದು, ನನಗೆ ಸೇರಲಿಲ್ಲ. ಅದು ಪ್ರೀಆಂಪ್ ಟ್ಯೂಬ್‌ನದು ಮಾತ್ರ, ತೆಳ್ಳಗೆ ಗುಂಯ್ಯ್ ಅನ್ನುತ್ತದೆ. ಪವರ್ ಟ್ಯೂಬ್ ಮತ್ತು ಸ್ಪೀಕರ್ ದುಡಿಯಲು ಶುರುಮಾಡಿದಾಗಲೇ ದಪ್ಪ ಬರುವುದು. ಸ್ಪೀಕರ್‌ಗೆ ಹೋಗುವ ಪವರ್ ತಗ್ಗಿಸುವ ಅಟೆನ್ಯುಯೇಟರ್ ಒಂದನ್ನು ಎರವಲು ತಂದು ಆಂಪ್ ಮತ್ತು ಸ್ಪೀಕರ್ ನಡುವೆ ಹಾಕಿ ನೋಡಿದೆ. ಸ್ವಲ್ಪ ತಗ್ಗಿಸಿದರೆ ಚೆನ್ನ. ರಾತ್ರಿ ನುಡಿಸುವಷ್ಟು ತಗ್ಗಿಸಿದರೆ ಸ್ಪೀಕರ್ ಅಲುಗಾಡುವುದೇ ಇಲ್ಲ, ಜೀವ ಹೋಗುತ್ತದೆ. ಈಗ ಮನೆಯಲ್ಲಿ ಆಂಪ್ ಕ್ಲೀನ್ ಇಟ್ಟು ಮುಂದೆ ಸದ್ದು ಒಡೆಸುವ ಓವರ್‌ಡ್ರೈವ್ ಪೆಡಲ್ ಹಾಕುತ್ತೇನೆ. ಹೆಡ್‌ಫೋನ್ ಹಾಕಿ ನುಡಿಸುವುದೇ ಜಾಸ್ತಿ ಇದ್ದರೆ ಸುಮ್ನೆ ಒಂದು ಮಾಡೆಲರ್ (ಆಂಪ್‌ಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಸಾಧನ) ತಗೊಳ್ಳಿ. ರೆಕಾರ್ಡಿಂಗ್ ಕೇಳಿ ಯಾವುದು ಟ್ಯೂಬ್, ಯಾವುದು ಮಾಡೆಲರ್ ಅಂತ ನನಗೂ ಹೇಳಲು ಬರಲ್ಲ.

ಹಾಗಾದರೆ ಇದನ್ನು ಯಾಕೆ ಇಟ್ಟುಕೊಂಡಿದ್ದೇನೆ? ಬ್ಯಾಂಡ್ ಜೊತೆ ವಾಲ್ಯೂಮ್ ಅರ್ಧ ದಾಟಿಸಿ ನುಡಿಸಿದಾಗ ಆಗುವ ಅನುಭವಕ್ಕೆ. ಕ್ಲೀನ್ ಮುಗಿದು ಕ್ರಂಚ್ (ಹಗುರ ಡಿಸ್ಟಾರ್ಷನ್) ಶುರುವಾಗುವ ಅಂಚಿನಲ್ಲಿ ಆಂಪ್ ನಿಲ್ಲಿಸಿ, ಉಳಿದದ್ದನ್ನು ಗಿಟಾರ್‌ನ ವಾಲ್ಯೂಮ್ ನಾಬ್‌ಗೆ ಬಿಡುತ್ತೇನೆ. ನಾಬ್ 6ಕ್ಕೆ ಇಳಿಸಿದರೆ ಕಾರ್ಡ್‌ನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. 10ಕ್ಕೆ ಏರಿಸಿದರೆ ಅದೇ ಕಾರ್ಡ್ ಗುರ್ರೆನ್ನುತ್ತದೆ. ಪಿಕ್ ಮೆಲ್ಲಗೆ ತಾಗಿಸಿದರೆ ಒಂದು, ಜೋರಾಗಿ ಹೊಡೆದರೆ ಇನ್ನೊಂದು. ಪೆಡಲ್ ತುಳಿಯುವುದೇ ಕಡಿಮೆಯಾಯಿತು. ಇದರಿಂದ ನನ್ನ ಬಲಗೈ ಬದಲಾಯಿತು: ಮೊದಲು ಎಲ್ಲವನ್ನೂ ಒಂದೇ ಜೋರಿನಲ್ಲಿ ಹೊಡೆಯುತ್ತಿದ್ದೆ, ಈಗ ಹಾಗೆ ಹೊಡೆದರೆ ನನಗೇ ಕಿರಿಕಿರಿ.

ಡ್ರಮ್ಮರ್ ಜೊತೆ ಪೂರ್ತಿ ಕ್ಲೀನ್ ಬೇಕು ಅಂದರೆ ಮಾತ್ರ 15 ವ್ಯಾಟ್ ಸಾಲದು. ಸ್ಟೇಜ್ ಮೇಲೆ ಮೈಕ್ ಇಟ್ಟರೆ ಆ ತೊಂದರೆ ಇಲ್ಲ. ಇನ್ನೊಂದು ವಿಷಯ, 12 ಇಂಚಿನ ಸ್ಪೀಕರ್ ಟ್ರೆಬಲ್ ಅನ್ನು ನೇರ ಮುಂದಕ್ಕೆ ಎಸೆಯುತ್ತದೆ. ಆಂಪ್ ನೆಲದ ಮೇಲಿದ್ದು ನೀವು ಪಕ್ಕದಲ್ಲಿ ನಿಂತರೆ ನಿಮಗೆ ಸೌಂಡ್ ಮಂದ ಅನ್ನಿಸುತ್ತದೆ. ನೀವು ಟ್ರೆಬಲ್ ಏರಿಸುತ್ತೀರಿ, ಮುಂದೆ ಕೂತವರ ಕಿವಿ ಕೊರೆಯುತ್ತದೆ. ಆಂಪ್ ಸ್ವಲ್ಪ ಹಿಂದಕ್ಕೆ ವಾಲಿಸಿ ಇಡಿ, ಅಥವಾ ಕುರ್ಚಿ ಮೇಲೆ ಇಡಿ.

ನಿರ್ವಹಣೆಗೆ ಬಂದರೆ, ಇಎಲ್84 ಬಿಸಿಯಾಗುವ ಟ್ಯೂಬ್. ನನ್ನ ಕಾಂಬೊದಲ್ಲಿ ತಲೆಕೆಳಗಾಗಿ ನೇತಾಡುತ್ತದೆ ಬೇರೆ. ಸೌಂಡ್ ಸಪ್ಪೆಯಾದಾಗ ಒಂದು ಜೋಡಿ ಬದಲಾಯಿಸಿದ್ದೇನೆ. ಇದು ಕ್ಯಾಥೋಡ್ ಬಯಾಸ್ ಆಂಪ್, ಹಾಗಾಗಿ ಬಯಾಸ್ (ಟ್ಯೂಬ್‌ನಲ್ಲಿ ಸದಾ ಹರಿಯುವ ಕರೆಂಟಿನ ಮಟ್ಟ) ಸೆಟ್ ಮಾಡುವ ತಲೆನೋವಿಲ್ಲ. ಮ್ಯಾಚ್ ಆದ, ಅಂದರೆ ಅಳೆದು ಒಂದೇ ಥರ ಇರುವ ಜೋಡಿ ತಂದು ಹಾಕಿದರೆ ಆಯಿತು. ಒಮ್ಮೆ ಕೆಲವು ಸ್ವರಗಳಿಗೆ ಮಾತ್ರ ಟಿಂಗ್ ಅಂತ ಗಾಜಿನ ಸದ್ದು ಬರಲು ಶುರುವಾಯಿತು. ಆಂಪ್ ಆನ್ ಇಟ್ಟು ಪೆನ್ಸಿಲ್ ತುದಿಯಿಂದ ಪ್ರೀಆಂಪ್ ಟ್ಯೂಬ್‌ಗಳನ್ನು ಮೆಲ್ಲಗೆ ತಟ್ಟಿದೆ. ಇನ್‌ಪುಟ್ ಹತ್ತಿರದ್ದು ತಟ್ಟಿದ್ದಕ್ಕೆ ಸ್ಪೀಕರ್‌ನಲ್ಲಿ ಟಣ್ ಅಂತು. ಮೈಕ್ರೋಫೋನಿಕ್ ಆಗಿತ್ತು, ಅಂದರೆ ಅಲುಗಾಟವನ್ನೇ ಸದ್ದಾಗಿಸುತ್ತಿತ್ತು. ಹೊಸದು ಹಾಕಿದೆ, ಮುಗಿಯಿತು.

ಟ್ಯೂಬ್ ಬದಲಾಯಿಸುವುದು ನಾವೇ ಮಾಡಬಹುದು. ಆದರೆ ಪ್ಲಗ್ ಕಿತ್ತು, ಟ್ಯೂಬ್ ತಣ್ಣಗಾದ ಮೇಲೆ. ಚಾಸಿ (ಸರ್ಕ್ಯೂಟ್ ಇರುವ ಲೋಹದ ಪೆಟ್ಟಿಗೆ) ಬಿಚ್ಚುವ ಸಾಹಸ ಮಾತ್ರ ಬೇಡ. ಒಳಗೆ 300 ವೋಲ್ಟ್‌ಗಿಂತ ಮೇಲೆ ಓಡಾಡುತ್ತದೆ, ಪ್ಲಗ್ ತೆಗೆದ ಮೇಲೂ ಕೆಪ್ಯಾಸಿಟರ್‌ಗಳಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರಬಹುದು. ಸ್ಪೀಕರ್ ಜೋಡಿಸದೆ ಆನ್ ಮಾಡಿ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಬೇರೆ ಕ್ಯಾಬಿನೆಟ್ ಹಾಕುವವರು ಅದರ ಓಮ್ (ಇಂಪೀಡೆನ್ಸ್) ಆಂಪ್‌ಗೆ ಹೊಂದುತ್ತದಾ ಅಂತ ನೋಡಿಯೇ ಹಾಕಿ.

ಭಾರದ ಬಗ್ಗೆ ದೂರು ಇದ್ದೇ ಇದೆ. ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣವೆಲ್ಲ ಒಂದೇ ಬದಿಗೆ. ಹಿಡಿ ಮಾತ್ರ ಸರಿಯಾಗಿ ಮಧ್ಯಕ್ಕೆ. ಎತ್ತಿದರೆ ಆಂಪ್ ಒಂದು ಕಡೆ ವಾಲಿ ಮೊಣಕಾಲಿಗೆ ಬಡಿಯುತ್ತದೆ.

ನನಗೆ ನಿಜಕ್ಕೂ ಕೊರತೆ ಅನ್ನಿಸಿದ್ದು ಎಫೆಕ್ಟ್ಸ್ ಲೂಪ್ (ಪ್ರೀಆಂಪ್ ಆದ ಮೇಲೆ ಪೆಡಲ್ ಸೇರಿಸುವ ಜಾಗ) ಇಲ್ಲದಿರುವುದು. ಡಿಲೇ ಪೆಡಲ್ ಆಂಪ್‌ನ ಮುಂದೆಯೇ ಹಾಕಬೇಕು. ಕ್ಲೀನ್‌ನಲ್ಲಿ ಏನೂ ತೊಂದರೆಯಿಲ್ಲ. ಆಂಪ್ ಕ್ರಂಚ್‌ಗೆ ಬಂತು ಅಂದರೆ ಡಿಲೇಯ ಪ್ರತಿಧ್ವನಿಗಳೂ ಡಿಸ್ಟಾರ್ಟ್ ಆಗಿ ಎಲ್ಲ ಕಲಸಿಹೋಗುತ್ತದೆ. ಡಿಲೇ ಇಲ್ಲದೆ ನಡೆಯಲ್ಲ ಅನ್ನುವವರು ಲೂಪ್ ಇರುವ ಮಾಡೆಲ್ಲನ್ನೇ ಹುಡುಕಿ.